ಪುಣೆ ಹತ್ತಿರದ ಪವನಾ ಹಿನ್ನೀರಲ್ಲಿ ಹ್ಯಾಮಕ್: ಯಾವ ಸೊಳ್ಳೆ ಪರದೆ?

ಪ್ರಶ್ನೆ (ಪುಣೆ): ನನ್ನ ಹ್ಯಾಮಕ್ (ಎರಡು ಮರಗಳ ನಡುವೆ ಕಟ್ಟುವ ತೂಗುಹಾಸಿಗೆ) 3.3 ಮೀಟರ್ ಉದ್ದ, ತೆಳು ನೈಲಾನ್. ಪೂರ್ತಿ ಸುತ್ತುವ ಪರದೆ ಬೇಕಾ, ಮೇಲಷ್ಟೇ ಹೊಲಿದದ್ದು ಸಾಕಾ? ಮುಂದೆ ಗೋವಾಕ್ಕೂ ಒಯ್ಯಬೇಕು.

ಉತ್ತರ (ಪಣಜಿ): ಪೂರ್ತಿ ಸುತ್ತುವುದನ್ನೇ ತಗೊಳ್ಳಿ ಸರ್. ಮಲಗಿದಾಗ ತೆಳು ನೈಲಾನ್ ಬೆನ್ನಿಗೆ ಬಿಗಿಯಾಗಿ ಅಂಟುತ್ತೆ, ಸೊಳ್ಳೆ ಕೆಳಗಿನಿಂದ ಬಟ್ಟೆ ಮೂಲಕವೇ ಚುಚ್ಚುತ್ತೆ. ಪರದೆ ಮೈಗೆ ತಾಗಿದರೂ ಅದೇ ಕಥೆ. ಅದಕ್ಕೇ ಮೇಲೆ, ಹ್ಯಾಮಕ್‌ನ ಒಂದು ತುದಿಯಿಂದ ಇನ್ನೊಂದಕ್ಕೆ, ಒಂದು ಹಗ್ಗ ಬೇಕೇ ಬೇಕು: ಅದರ ಉದ್ದ ಹ್ಯಾಮಕ್ ಉದ್ದದ 83%, ನಿಮ್ಮದಕ್ಕೆ ಸುಮಾರು 2.75 ಮೀಟರ್. ಪರದೆ ಅದರ ಮೇಲೆ ನಿಲ್ಲಲಿ, ಅಡಿಯಲ್ಲಿ ಸಡಿಲ ಇರಲಿ. ಗೋವಾ ಕಡಲತೀರಕ್ಕೆ ಮಾಮೂಲಿ ಪರದೆ ಸಾಲದು, ಮರಳುನೊಣ ಅದರ ಕಣ್ಣಲ್ಲೇ ನುಸುಳುತ್ತೆ. ಇನ್ನೂ ಸಣ್ಣ ಕಣ್ಣಿನದು ನೋಡಿ. ಗಾಳಿ ಕಮ್ಮಿ, ಸೆಕೆ ಜಾಸ್ತಿ, ಆದರೂ ಅದೇ ಸರಿ.

ಉತ್ತರ (ಮುಂಬೈ): ಮೇಲಿನ ಪರದೆ ಮಾತ್ರ ಇದ್ದರೆ ಹ್ಯಾಮಕ್‌ನ ಅಡಿಭಾಗಕ್ಕೆ ಹೊರಗಿನಿಂದ 0.5% ಪರ್ಮೆಥ್ರಿನ್ (ಬಟ್ಟೆಗೆ ಹೊಡೆಯುವ ಕೀಟನಾಶಕ) ಸಿಂಪಡಿಸಿ, ಪೂರ್ತಿ ಒಣಗಿದ ಮೇಲೆ ಬಳಸಿ. ಮೈಗೆ ಹಚ್ಚಬೇಡಿ. ಒದ್ದೆ ಇರುವಾಗ ಬೆಕ್ಕು ಹತ್ತಿರ ಬರಬಾರದು, ಅದಕ್ಕೆ ವಿಷ.

ಪ್ರಶ್ನೆ (ಪುಣೆ): ಇರುವೆ?

ಉತ್ತರ (ಪಣಜಿ): ಮರಕ್ಕೆ ಹ್ಯಾಮಕ್ ಕಟ್ಟಿದ ಪಟ್ಟಿ ಹಿಡಿದು ಬರುತ್ತವೆ. ಪಟ್ಟಿಗೂ ಅದೇ ಪರ್ಮೆಥ್ರಿನ್ ಹೊಡೆಯಿರಿ. ಪರದೆಯ ಎರಡೂ ತುದಿಯ ದಾರ ಎಳೆದು ಬಿಗಿ ಮಾಡಿ. ಅಲ್ಲಿ ಬೆರಳು ತೂರುವಷ್ಟು ಸಂದಿ ಇದ್ದರೆ ಸೊಳ್ಳೆಗೂ ಅದೇ ಬಾಗಿಲು.