ಬಿಗ್, ಲಾರ್ಜ್, ಗ್ರೇಟ್: ಎಲ್ಲಿ ಯಾವುದು ಸರಿ?

ಪ್ರಶ್ನೆ:
ಇಂಗ್ಲಿಷಿನಲ್ಲಿ ‘ದೊಡ್ಡ’ ಎನ್ನಲು ಬಿಗ್, ಲಾರ್ಜ್, ಗ್ರೇಟ್ ಎಂಬ ಮೂರು ವಿಶೇಷಣಗಳು ಬಳಕೆಯಲ್ಲಿವೆ. ನಿಘಂಟಿನಲ್ಲಿ ಒಂದನ್ನು ಹುಡುಕಿದರೆ ಉಳಿದೆರಡನ್ನೇ ಅರ್ಥವೆಂದು ಕೊಟ್ಟು ಕೈತೊಳೆದುಕೊಂಡಿರುತ್ತಾರೆ. ಹಾಗಿದ್ದರೆ ‘ಬಿಗ್ ಹೌಸ್’, ‘ಲಾರ್ಜ್ ಹೌಸ್’ ಎರಡೂ ಸರಿಯಾಗಿದ್ದು, ‘ಲಾರ್ಜ್ ಮಿಸ್ಟೇಕ್’ ಮಾತ್ರ ಅಸಹಜವೆನಿಸುವುದು ಏಕೆ? ಗಾತ್ರದ ದೃಷ್ಟಿಯಿಂದ ಇವುಗಳಲ್ಲಿ ಮೇಲು ಕೀಳು ಎಂಬುದೇನಾದರೂ ಇದೆಯೇ? ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ.

ಉತ್ತರ 1:
ಗಾತ್ರದಲ್ಲಿ ಮೇಲು ಕೀಳಿಲ್ಲ. ಮುಂದೆ ಬರುವ ನಾಮಪದ ಯಾವ ಬಗೆಯದು ಎಂಬುದೇ ಆಯ್ಕೆಯನ್ನು ನಿರ್ಧರಿಸುತ್ತದೆ. ಮನೆ, ಪೆಟ್ಟಿಗೆ, ಮರ ಮೊದಲಾದ ಕಣ್ಣಿಗೆ ಕಾಣುವ ವಸ್ತುಗಳಿಗೆ ಬಿಗ್ ಮತ್ತು ಲಾರ್ಜ್ ಎರಡೂ ಸಲ್ಲುತ್ತವೆ. ಮೊದಲನೆಯದು ಆಡುಮಾತಿಗೆ ಹತ್ತಿರ, ಎರಡನೆಯದು ಬರವಣಿಗೆಗೆ. ನಂಬರ್, ಅಮೌಂಟ್, ಕ್ವಾಂಟಿಟಿ ಎಂಬಂಥ ಪ್ರಮಾಣಸೂಚಕ ಪದಗಳು ಬಂದಾಗ ಲಾರ್ಜ್ ಹೆಚ್ಚು ಒಪ್ಪುತ್ತದೆ. ಮಿಸ್ಟೇಕ್, ಡಿಸಿಷನ್, ಸರ್ಪ್ರೈಸ್ ಇವುಗಳಿಗೆ ಅಳತೆಯಿಲ್ಲ, ಮಹತ್ತ್ವ ಮಾತ್ರ ಉಂಟು. ಆದ್ದರಿಂದ ಅಲ್ಲಿ ಬಿಗ್ ಸಹಜ. ಕೇರ್, ಡಿಫಿಕಲ್ಟಿ, ಪ್ಲೆಷರ್ ಮುಂತಾಗಿ ಎಣಿಕೆಗೆ ಸಿಗದ ಗುಣ ಮತ್ತು ಭಾವನೆಗಳಿಗೆ ಗ್ರೇಟ್ ಬರುತ್ತದೆ.

ಒಂದೇ ನಾಮಪದಕ್ಕೆ ಮೂರನ್ನೂ ಹಚ್ಚಿ ನೋಡಿದರೆ ವ್ಯತ್ಯಾಸ ತಾನಾಗಿ ಹೊಳೆಯುತ್ತದೆ. ‘ಬಿಗ್ ಬ್ರದರ್’ ಎಂದರೆ ಸಾಮಾನ್ಯವಾಗಿ ಅಣ್ಣ. ‘ಲಾರ್ಜ್ ಬ್ರದರ್’ ಎಂದರೆ ದಪ್ಪ ಮೈಕಟ್ಟಿನವನು, ಅವನು ತಮ್ಮನೂ ಆಗಿರಬಹುದು. ‘ಗ್ರೇಟ್ ಬ್ರದರ್’ ಎಂದರೆ ಮೆಚ್ಚತಕ್ಕ ಸಹೋದರ.

ಉತ್ತರ 2:
ಮೇಲಿನ ವಿವರಣೆ ಸರಿಯಾಗಿದೆ, ಆದರೆ ಗ್ರೇಟ್ ಪದವನ್ನು ಗುಣ ಮತ್ತು ಮೆಚ್ಚುಗೆಗಳಿಗೆ ಕಟ್ಟಿಹಾಕುವುದು ಬೇಡ. ಹಳೆಯ ಇಂಗ್ಲಿಷಿನಿಂದಲೇ ಬಂದ ಈ ಪದಕ್ಕೆ ಗಾತ್ರದ ಅರ್ಥವೇ ಮೊದಲಿನದು. ‘ಬಹಳ ಚೆನ್ನಾಗಿದೆ’ ಎಂಬ ಅರ್ಥ ಬಹಳ ಈಚಿನದು. 1666ರಲ್ಲಿ ಲಂಡನ್ನನ್ನು ಸುಟ್ಟ ಬೆಂಕಿಯನ್ನು ‘ಗ್ರೇಟ್ ಫೈರ್’ ಎಂದೂ, 1914ರಿಂದ 1918ರವರೆಗಿನ ಯುದ್ಧವನ್ನು ‘ಗ್ರೇಟ್ ವಾರ್’ ಎಂದೂ ಕರೆದವರು ಅವುಗಳನ್ನು ಹೊಗಳುತ್ತಿರಲಿಲ್ಲ. ಇಂಥ ಕಡೆ ‘ಶ್ರೇಷ್ಠ’ ಎಂದು ಅನುವಾದಿಸಿದರೆ ಅಭಾಸವಾಗುತ್ತದೆ; ನಮ್ಮ ‘ಮಹಾ’ ಸರಿಯಾಗಿ ಕೂರುತ್ತದೆ. ಲಾರ್ಜ್ ಲ್ಯಾಟಿನ್ ಮೂಲದಿಂದ ಫ್ರೆಂಚ್ ಮೂಲಕ ಬಂದದ್ದು, ಒಂದು ಕಾಲಕ್ಕೆ ಅದಕ್ಕೆ ‘ಉದಾರ’ ಎಂಬ ಅರ್ಥವೂ ಇತ್ತು. ಧಾರಾಳ ಕೊಡುಗೆ ಎಂಬರ್ಥದ ‘ಲಾರ್ಜೆಸ್’ ಪದದಲ್ಲಿ ಅದು ಇಂದಿಗೂ ಉಳಿದಿದೆ. ಬಿಗ್ ಪದದ ಹುಟ್ಟಿನ ಬಗ್ಗೆ ಮಾತ್ರ ಭಾಷಾತಜ್ಞರಲ್ಲಿ ಇನ್ನೂ ಒಮ್ಮತವಿಲ್ಲ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಹ್ಯೂಜ್, ಎನಾರ್ಮಸ್ ಪದಗಳನ್ನೂ ಇದೇ ಸಾಲಿಗೆ ಸೇರಿಸಬಹುದೇ? ‘ವೆರಿ ಹ್ಯೂಜ್’ ಎಂಬ ಪ್ರಯೋಗ ಆಗಾಗ ಕಣ್ಣಿಗೆ ಬೀಳುತ್ತದೆ.

ಉತ್ತರ 3:
ಅರ್ಥದಿಂದ ಸೇರಿಸಬಹುದು, ಬಳಕೆಯಿಂದ ಸೇರಿಸಲಾಗದು. ಈ ಎರಡು ಪದಗಳಲ್ಲಿ ‘ಬಹಳ’ ಎಂಬುದು ಆಗಲೇ ಅಡಗಿರುವುದರಿಂದ ‘ವೆರಿ’ ಅಲ್ಲಿ ಹೆಚ್ಚುವರಿಯಾಗುತ್ತದೆ. ಒತ್ತು ಬೇಕೇಬೇಕೆಂದರೆ ‘ಆಬ್ಸಲ್ಯೂಟ್ಲಿ ಹ್ಯೂಜ್’ ಎನ್ನುವುದು ರೂಢಿ. ಎನಾರ್ಮಸ್ ಮೂಲದಲ್ಲಿ ‘ರೂಢಿಯ ಮೇರೆ ಮೀರಿದ್ದು’ ಎಂಬ ಅರ್ಥದ ಪದ. ಅದರ ನಂಟಿನ ‘ಎನಾರ್ಮಿಟಿ’ಯನ್ನು ಎಚ್ಚರದ ಬರಹಗಾರರು ಇಂದಿಗೂ ಘೋರತೆ ಎಂಬ ಅರ್ಥಕ್ಕೆ ಮೀಸಲಿಡುತ್ತಾರೆ, ಬರೀ ಗಾತ್ರಕ್ಕೆ ಬಳಸುವುದಿಲ್ಲ.

ಮೊದಲ ಉತ್ತರಕ್ಕೆ ಒಂದು ತಿದ್ದುಪಡಿ: ಎಣಿಕೆಗೆ ಸಿಗದ ನಾಮಪದಗಳ ಜೊತೆ ಬಿಗ್ ಬರುವುದೇ ಇಲ್ಲ ಎಂದು ಯಾರೂ ಭಾವಿಸಬಾರದು, ‘ಬಿಗ್ ಟ್ರಬಲ್’, ‘ಬಿಗ್ ಮನಿ’ ದಿನನಿತ್ಯದ ಮಾತುಗಳು. ಇನ್ನು ಕ್ರಿಯಾವಿಶೇಷಣಕ್ಕೆ ಬಂದರೆ ‘ಗ್ರೇಟ್ಲಿ’ ಎಂದರೆ ಬಹಳವಾಗಿ, ‘ಲಾರ್ಜ್ಲಿ’ ಎಂದರೆ ಬಹುಮಟ್ಟಿಗೆ. ಒಂದರ ಜಾಗದಲ್ಲಿ ಇನ್ನೊಂದನ್ನಿಟ್ಟರೆ ವಾಕ್ಯದ ಅರ್ಥವೇ ಬೇರೆಯಾಗುತ್ತದೆ.