ದಕ್ಷಿಣ ಅಮೆರಿಕದ ಬಿಡುಗಡೆಗೆ ಕಾದಿದ ಐರಿಶ್ ಜನರಿಗೆ ಯಾವ ಪದ?

ಗೆಳೆಯರೇ, ನಮಸ್ಕಾರ.

ದಕ್ಷಿಣ ಅಮೆರಿಕ ಸ್ಪೇನಿನ ಹಿಡಿತದಿಂದ ಬಿಡಿಸಿಕೊಂಡ ಕಾಲದ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಐರ್ಲೆಂಡಿನಿಂದ ಹೋಗಿ ಅಲ್ಲಿ ಕಾದಿದವರನ್ನು ಕನ್ನಡದಲ್ಲಿ ಏನೆನ್ನಬೇಕು ಅನ್ನೋದು ಬಗೆಹರಿಯುತ್ತಿಲ್ಲ.

ಮೊದಲು ನಾಲಿಗೆಗೆ ಬರುವುದು 'ಕೂಲಿ ಸಿಪಾಯಿ'. 'ಬಾಡಿಗೆ ಸೈನಿಕ' ಅಂತಲೂ ಬರೆಯುತ್ತಾರೆ. ಇದು ಪೂರ್ತಿ ಸುಳ್ಳಲ್ಲ. 1815ರಲ್ಲಿ ನೆಪೋಲಿಯನ್ ಸೋತ ಮೇಲೆ ಬ್ರಿಟಿಷ್ ಸೈನ್ಯ ಸಾವಿರಾರು ಜನರನ್ನು ಮನೆಗೆ ಕಳಿಸಿತು. ಊರಲ್ಲಿ ಕೆಲಸವಿಲ್ಲ. ಸ್ಪೇನಿನ ವಿರುದ್ಧ ಹೋರಾಟದ ಮುಂದಾಳಾಗಿದ್ದ ಸಿಮೊನ್ ಬೊಲಿವಾರ್ ಕಡೆಯವರು ಸಂಬಳದ ಆಸೆ ತೋರಿಸಿದಾಗ ಹಡಗು ಹತ್ತಿದರು. ವೆಕ್ಸ್‌ಫರ್ಡಿನ ಜಾನ್ ಡೆವರೊ ಕಟ್ಟಿದ ಐರಿಶ್ ಪಡೆ 1819ರಲ್ಲಿ ವೆನೆಜುವೆಲಾದ ಮಾರ್ಗರೀಟಾ ದ್ವೀಪಕ್ಕೆ ಬಂತು. ಅಲ್ಲಿ ಸಂಬಳ ಇಲ್ಲ, ಊಟ ನೆಟ್ಟಗಿಲ್ಲ. ಕಾಯಿಲೆಗೆ ಎಷ್ಟೋ ಜನ ಸತ್ತರು. 1820ರಲ್ಲಿ ಇಂದಿನ ಕೊಲಂಬಿಯಾದ ರಿಯೊಹಾಚಾ ಪಟ್ಟಣ ಹಿಡಿದ ಮೇಲೆ ಉಳಿದವರು ದಂಗೆ ಎದ್ದರು, ಹೆಚ್ಚಿನವರನ್ನು ಜಮೈಕಾಗೆ ಸಾಗಹಾಕಲಾಯಿತು. ಮಾತಿಗೆ ತಪ್ಪಿದ್ದು ಕರೆಸಿಕೊಂಡವರು. ಕಾಸು ಕಾಣದೆ ಸತ್ತವರನ್ನು 'ಕೂಲಿ ಸಿಪಾಯಿ' ಅಂದುಬಿಡುವುದು ನನಗಂತೂ ಅನ್ಯಾಯ ಅನ್ನಿಸುತ್ತದೆ.

ಅದೇ ಪಡೆಯಲ್ಲಿದ್ದ ಫ್ರಾನ್ಸಿಸ್ ಬರ್ಡೆಟ್ ಓ'ಕಾನರ್ ಹೋರಾಟದಲ್ಲೇ ಉಳಿದ. ಮುಂದೆ ಬೊಲಿವಿಯಾದ ತಾರಿಹಾದಲ್ಲಿ ನೆಲೆಸಿದ. ಕಾರ್ಕ್ ಊರಿನ ಡೇನಿಯಲ್ ಓ'ಲಿಯರಿ ಇನ್ನೂ ಮೀಸೆ ಚಿಗುರುವ ವಯಸ್ಸಿನಲ್ಲಿ ಬಂದು ಬೊಲಿವಾರನ ಆಪ್ತ ಸಹಾಯಕನಾದ, ಅವನು ಸತ್ತ ಮೇಲೂ ಅವನ ಕಾಗದಪತ್ರಗಳನ್ನು ಜೋಪಾನ ಮಾಡಿದ. ಇವರನ್ನು 'ಸ್ವಯಂಸೇವಕ' ಅನ್ನೋಣವೇ? ಆ ಪದ ಕೇಳಿದರೆ ಸಮ್ಮೇಳನದಲ್ಲಿ ಬ್ಯಾಡ್ಜ್ ಹಾಕಿಕೊಂಡು ನೀರು ಕೊಡುವವರು ನೆನಪಾಗುತ್ತಾರೆ, ಅಲ್ವಾ?

'ವಲಸಿಗ' ಪದ ವಿಲಿಯಂ ಬ್ರೌನ್‌ಗೆ ಒಪ್ಪುತ್ತದೆ. ಮೇಯೊ ಜಿಲ್ಲೆಯ ಫಾಕ್ಸ್‌ಫರ್ಡಿನವನು, ಬ್ಯೂನಸ್ ಐರಿಸ್‌ನಲ್ಲಿ ನೆಲೆಸಿ 1814ರಲ್ಲಿ ಅರ್ಜೆಂಟೀನಾದ ನೌಕಾಪಡೆ ನಡೆಸಿದ. ಚಿಲಿಯ ಬಿಡುಗಡೆಯ ಮುಂದಾಳು ಬರ್ನಾರ್ಡೊ ಓ'ಹಿಗಿನ್ಸ್‌ಗೆ ಒಪ್ಪುವುದಿಲ್ಲ. ಅವನು ಹುಟ್ಟಿದ್ದೇ ಚಿಲಿಯಲ್ಲಿ. ವಲಸೆ ಬಂದದ್ದು ಅಪ್ಪ, ಆತ ಸ್ಪೇನಿನ ಪರವಾಗಿ ಪೆರುವನ್ನು ಆಳಿದವನು.

ಹಳಗನ್ನಡ ನೆನಪಾಯಿತು. 'ಜೋಳವಾಳಿ' ಅಂದರೆ ಉಂಡ ಅನ್ನದ ಋಣ ತೀರಿಸಲು ಕಾದುವುದು. 'ವೇಳೆವಾಳಿ' ಅಂದರೆ ಒಡೆಯನಿಗೆ ಕೊಟ್ಟ ಮಾತಿಗಾಗಿ ಪ್ರಾಣ ಕೊಡುವುದು. ರಿಯೊಹಾಚಾದಲ್ಲಿ ಜೋಳವೇ ಸಿಗಲಿಲ್ಲ, ಹಾಗಾಗಿ 'ಪಾಳಿ', ಅಂದರೆ ಋಣದ ಕಟ್ಟುಪಾಡು, ಅದೂ ಮುರಿಯಿತು. ಓ'ಲಿಯರಿಯದು ವೇಳೆವಾಳಿಗೆ ಹತ್ತಿರ. ಆದರೆ ಎರಡೂ ಒಬ್ಬ ಒಡೆಯನಿಗೆ ಕಟ್ಟುಬಿದ್ದ ಪದಗಳು. ಒಂದು ನಾಡಿನ ಬಿಡುಗಡೆಗೆ ಅವನ್ನು ಹಿಗ್ಗಿಸಬಹುದೇ?

ಸದ್ಯಕ್ಕೆ 'ಹೊರನಾಡ ಹೋರಾಟಗಾರರು' ಅಂತ ಬರೆದಿಟ್ಟಿದ್ದೇನೆ. 'ಹೊರನಾಡ ಕನ್ನಡಿಗರು' ಎಂಬ ಬಳಕೆಯಿಂದ ಓದುಗರಿಗೆ ಗೊಂದಲವಾದೀತೇ? ನಿಮ್ಮ ಕಡೆ ಆಡುಮಾತಿನಲ್ಲಿ, ಲಾವಣಿಗಳಲ್ಲಿ, ಬೇರೆಯವರ ಜಗಳಕ್ಕೆ ಮನಸಾರೆ ಹೆಗಲು ಕೊಟ್ಟವನಿಗೆ ಪದವಿದ್ದರೆ ದಯವಿಟ್ಟು ತಿಳಿಸಿ.