ಬ್ಯಾರೆಲ್ ನಟ್ 30ಕ್ಕೆ ಬಿಗಿದೆ, ತೂತು ಕೂಡಲಿಲ್ಲ. ಸ್ವಲ್ಪ ಹಿಂದಕ್ಕೆ ತಿರುಗಿಸಲಾ?

ಪ್ರಶ್ನೆ (ಡಲ್ಲಾಸ್‌ನಿಂದ):
ನಮಸ್ಕಾರ ಸರ್. ಗ್ರೀನ್ ಕಾರ್ಡ್ ಬಂದ ಮೇಲೆ ಶೂಟಿಂಗ್ ರೇಂಜ್‌ಗೆ ಹೋಗುವ ಚಟ ಹತ್ತಿದೆ. ಈಗ ಎಆರ್-15 ರೈಫಲ್ಲಿನ ಅಪ್ಪರ್ (ಬ್ಯಾರೆಲ್ ಕೂರುವ ಮೇಲಿನ ಭಾಗ) ಒಂದನ್ನು ನಾನೇ ಜೋಡಿಸುತ್ತಿದ್ದೇನೆ. ಟಾರ್ಕ್ ವ್ರೆಂಚನ್ನು (ಇಟ್ಟಷ್ಟು ಬಿಗಿಗೆ ಬಂದಾಗ ಸದ್ದು ಮಾಡುವ ಸ್ಪ್ಯಾನರ್) 30 ಫುಟ್-ಪೌಂಡ್‌ಗೆ ಇಟ್ಟು ಬ್ಯಾರೆಲ್ಲನ್ನು ಹಿಡಿದಿಡುವ ಬ್ಯಾರೆಲ್ ನಟ್ ಬಿಗಿದೆ. 'ಟಿಕ್' ಅಂತು. ಆದರೆ ಗ್ಯಾಸ್ ಟ್ಯೂಬ್ (ಗುಂಡು ಹಾರಿದಾಗಿನ ಅನಿಲವನ್ನು ಹಿಂದಕ್ಕೆ ತರುವ ಕೊಳವೆ) ಹೋಗಬೇಕಾದ ತೂತಿಗೆ ನಟ್‌ನ ಹಲ್ಲು ಅಡ್ಡ ನಿಂತಿದೆ. ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸಿದರೆ ಸರಿಯಾಗಿ ಕೂರುತ್ತದೆ. ಹಾಗೆ ಮಾಡಬಹುದಾ? ಇನ್ನೂ ಬಿಗಿಯುವುದಕ್ಕೆ ಭಯ.

ಉತ್ತರ (ಗನ್‌ಸ್ಮಿತ್, ಟೆಕ್ಸಾಸ್):
ಹಿಂದಕ್ಕೆ ಬೇಡ. ಯಾವತ್ತೂ ಬೇಡ. ಈ ನಟ್ಟಿಗೆ 30 ಅನ್ನುವುದು ಶುರು, ಕೊನೆಯಲ್ಲ. ಮಾಮೂಲಿ ಮಿಲ್-ಸ್ಪೆಕ್ (ಸೇನೆಯ ಅಳತೆಯ) ನಟ್ಟಿಗೆ 30ರಿಂದ 80 ಫುಟ್-ಪೌಂಡ್‌ವರೆಗೆ ಅವಕಾಶ ಇದೆ, ಅಂದರೆ ಸುಮಾರು 41ರಿಂದ 108 ನ್ಯೂಟನ್ ಮೀಟರ್. ಇಷ್ಟು ದೊಡ್ಡ ಅಂತರ ಇಟ್ಟಿರುವುದೇ ನಿಮ್ಮಂಥ ಪರಿಸ್ಥಿತಿಗೆ. 30 ದಾಟಿದ ಮೇಲೆ ಮುಂದಿನ ಸಂದು ತೂತಿನ ಎದುರಿಗೆ ಬರುವ ತನಕ ಬಿಗಿಯುತ್ತಾ ಹೋಗಬೇಕು, ಅಷ್ಟೇ. ಹಿಂದಕ್ಕೆ ತಿರುಗಿಸಿದರೆ ವ್ರೆಂಚ್ ತೋರಿಸಿದ 30 ಅಲ್ಲೇ ಹೋಯಿತು. ಎಷ್ಟು ಉಳಿದಿದೆ ಅಂತ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಆಮೇಲೆ ಗುಂಡು ಒಂದೊಂದು ದಿನ ಒಂದೊಂದು ಕಡೆ ಬೀಳುತ್ತದೆ, ನೀವು ಸ್ಕೋಪಿಗೆ ಬೈಯುತ್ತಾ ಕೂರುತ್ತೀರಿ.

ಒಂದು ವಿಷಯ ನೀವು ಬರೆದಿಲ್ಲ. ಗ್ರೀಸ್ ಹಚ್ಚಿದ್ದೀರಾ? ರಿಸೀವರ್ (ಬ್ಯಾರೆಲ್ ಸೇರುವ ಚೌಕಟ್ಟು) 7075 ದರ್ಜೆಯ ಅಲ್ಯೂಮಿನಿಯಂ. ಒಣ ಥ್ರೆಡ್ ಮೇಲೆ ಬಿಗಿದರೆ ಬಹಳಷ್ಟು ಶಕ್ತಿ ಉಜ್ಜಾಟಕ್ಕೇ ಹೋಗುತ್ತದೆ. ಮಾಲಿಬ್ಡಿನಮ್ ಇರುವ ಗ್ರೀಸ್ ತನ್ನಿ, ಏರೋಶೆಲ್ 64 ಥರದ್ದು. ಗ್ರಾಫೈಟ್ ಇರುವ ಗ್ರೀಸ್ ಮಾತ್ರ ಬೇಡ, ಅದು ಸೇರಿದರೆ ಅಲ್ಯೂಮಿನಿಯಂ ಕೊರೆದುಹೋಗುತ್ತದೆ. ರಿಸೀವರ್ ಥ್ರೆಡ್‌ಗೆ ತೆಳ್ಳಗೆ ಹಚ್ಚಿ, ಬ್ಯಾರೆಲ್‌ನ ಕಾಲರ್ ನಟ್ಟಿಗೆ ತಾಗುವ ಕಡೆಗೂ ಸ್ವಲ್ಪ ಸವರಿ. ಗ್ಯಾಸ್ ಟ್ಯೂಬ್ ತೂತಿನೊಳಗೆ ಹೋಗಬಾರದು.

ಆಮೇಲೆ 30ಕ್ಕೆ ಬಿಗಿಯಿರಿ, ಪೂರ್ತಿ ಬಿಚ್ಚಿ. ಮತ್ತೆ ಬಿಗಿಯಿರಿ, ಬಿಚ್ಚಿ. ಮೂರನೇ ಸಲ ಬಿಗಿದದ್ದು ಕೊನೆಯದು. ಸುಮ್ನೆ ಶಾಸ್ತ್ರಕ್ಕೆ ಹೇಳುತ್ತಿಲ್ಲ. ಹೊಸ ಥ್ರೆಡ್‌ನ ಸಣ್ಣ ಉಬ್ಬುತಗ್ಗುಗಳು ಮೊದಲೆರಡು ಸಲಕ್ಕೆ ತೀಡಿಕೊಂಡು ನಯವಾಗುತ್ತವೆ. ಮೊದಲ ಸಲ 30ಕ್ಕೆ ಎಲ್ಲಿ ನಿಂತಿತ್ತೋ ಅಲ್ಲಿ ಪೆನ್ಸಿಲ್‌ನಲ್ಲಿ ಗುರುತು ಹಾಕಿ ನೋಡಿ. ಮೂರನೇ ಸಲ ಅದೇ 30ಕ್ಕೆ ನಟ್ ಗುರುತು ದಾಟಿ ಹೋಗಿರುತ್ತದೆ. ಎಷ್ಟೋ ಸಲ ತೂತು ಅಲ್ಲೇ ಕೂಡಿಕೊಳ್ಳುತ್ತದೆ.

80 ಆದರೂ ಕೂಡದಿದ್ದರೆ ನಿಲ್ಲಿಸಿ. ಬೇರೆ ನಟ್ ಹಾಕಿ, ಇಲ್ಲವೇ ತೆಳು ಶಿಮ್ (ಲೋಹದ ಬಳೆ) ಹಾಕಿ. ನಾನು ಈ ಕೆಲಸ ಕಲಿಯುವಾಗ 'ಇನ್ನೊಂಚೂರು' ಅಂತ ವ್ರೆಂಚಿನ ಹಿಡಿಗೆ ಪೈಪ್ ತೂರಿಸಿ ಎಳೆದಿದ್ದೆ. ನಟ್ ಇದ್ದಕ್ಕಿದ್ದಂತೆ ಬೆಣ್ಣೆಯಲ್ಲಿ ತಿರುಗಿದ ಹಾಗೆ ಹಗುರವಾಯಿತು. ಬಿಚ್ಚಿದರೆ ಒಳಗಿಂದ ಅಲ್ಯೂಮಿನಿಯಂ ಥ್ರೆಡ್ಡೇ ಸುರುಳಿ ಸುರುಳಿಯಾಗಿ ಬಂತು. ಗಿರಾಕಿಯ ರಿಸೀವರ್ ಅದು. ಹೊಸದು ನನ್ನ ಜೇಬಿನಿಂದ.

ಫ್ರೀ-ಫ್ಲೋಟ್ ಹ್ಯಾಂಡ್‌ಗಾರ್ಡ್ (ಬ್ಯಾರೆಲ್ಲಿಗೆ ತಾಗದೆ ಅದರ ಸುತ್ತ ಕೂರುವ ಕೈಹಿಡಿ) ಆಗಿದ್ದರೆ ಈ ಅಂಕಿಗಳನ್ನು ಮರೆತುಬಿಡಿ. ಅದರ ನಟ್ ಬೇರೆ, ಲೆಕ್ಕವೂ ಬೇರೆ. ಡಬ್ಬಿಯೊಳಗಿನ ಚೀಟಿ ಓದಿ.

ಮರುಪ್ರಶ್ನೆ (ಅದೇ ಓದುಗರು):
ಮಾಮೂಲಿ ನಟ್ಟೇ ಸರ್. ಗ್ರೀಸ್ ಹಚ್ಚಿರಲಿಲ್ಲ, ತಪ್ಪಾಯಿತು. ಇನ್ನೊಂದು ಅನುಮಾನ. ಆರ್ಮರರ್ ವ್ರೆಂಚನ್ನು (ಬ್ಯಾರೆಲ್ ನಟ್‌ನ ಹಲ್ಲಿಗೆ ಕೂರುವ ಸ್ಪ್ಯಾನರ್) ಟಾರ್ಕ್ ವ್ರೆಂಚಿನ ತುದಿಗೆ ನೇರವಾಗಿ ಸಿಕ್ಕಿಸಿದ್ದೆ. ಅದರಿಂದ ಏನಾದರೂ ವ್ಯತ್ಯಾಸ ಆಗುತ್ತದಾ?

ಉತ್ತರ:
ಆಗುತ್ತದೆ, ಒಳ್ಳೇ ಪ್ರಶ್ನೆ. ನೇರಕ್ಕೆ ಸಿಕ್ಕಿಸಿದರೆ ಹಿಡಿ ಉದ್ದವಾದಂತೆ. ನಿಮ್ಮ ವ್ರೆಂಚ್ ಹಿಡಿಯಿಂದ ತುದಿಯ ಚೌಕ ಮೊಳೆಯ ತನಕ 12 ಇಂಚು, ಮುಂದೆ ಚಾಚಿದ್ದು 2 ಇಂಚು ಅಂತ ಇಟ್ಟುಕೊಳ್ಳಿ. ವ್ರೆಂಚ್ 50ಕ್ಕೆ ಟಿಕ್ ಅಂದಾಗ ನಟ್ಟಿಗೆ ಬಿದ್ದಿರುವುದು 58. ನಿಜವಾದ 50 ಬೇಕಾದರೆ 43ಕ್ಕೆ ಇಡಬೇಕು. ಈ ತಲೆನೋವೇ ಬೇಡ ಅಂದರೆ ಎರಡನ್ನೂ ಎಲ್ ಆಕಾರದಲ್ಲಿ, 90 ಡಿಗ್ರಿಗೆ ಸಿಕ್ಕಿಸಿ. ಆಗ ತೋರಿಸಿದ್ದೇ ಲೆಕ್ಕ.

ರಿಸೀವರನ್ನು ಬರಿದೇ ವೈಸ್‌ನಲ್ಲಿ ಹಿಡಿಯಬೇಡಿ, ಗೋಡೆ ತೆಳು, ಅಮುಕಿಹೋಗುತ್ತದೆ. ರಿಸೀವರಿಗೆಂದೇ ಇರುವ ವೈಸ್ ಬ್ಲಾಕ್ ಬಳಸಿ. ಎಳೆಯುವಾಗ ನಿಧಾನ. ಟಿಕ್ ಅಂದ ಮೇಲೆ ಖಾತ್ರಿಗೆ ಅಂತ ಇನ್ನೊಂದು ಸಲ ಟಿಕ್ ಅನ್ನಿಸುವ ಅಭ್ಯಾಸ ಇದ್ದರೆ ಬಿಡಿ.

ಇನ್ನೊಬ್ಬರು (ನ್ಯೂಜೆರ್ಸಿ):
ನಾನು ಎಚ್-1ಬಿಯಲ್ಲಿದ್ದೇನೆ. ನನಗೂ ಕಲಿಯುವ ಆಸೆ ಸರ್.

ಉತ್ತರ:
ತಡೆಯಿರಿ. ಎಚ್-1ಬಿಯಂಥ ವಲಸೆಯೇತರ ವೀಸಾದಲ್ಲಿ ಇರುವವರು ಗನ್ ಆಗಲಿ ಗುಂಡಾಗಲಿ ಇಟ್ಟುಕೊಳ್ಳುವುದೇ ಫೆಡರಲ್ ಕಾನೂನಿನ ಪ್ರಕಾರ ಅಪರಾಧ. ಬೇಟೆ ಲೈಸೆನ್ಸ್‌ನಂಥ ಕೆಲವು ವಿನಾಯಿತಿಗಳಿವೆ. ಅದರ ಜೊತೆಗೆ ನಿಮ್ಮ ರಾಜ್ಯದ ಕಾನೂನು ಬೇರೆ ಇದೆ. ಮೊದಲು ವಕೀಲರು, ಆಮೇಲೆ ವ್ರೆಂಚ್.

ಮತ್ತೊಬ್ಬರು (ಮಡಿಕೇರಿ):
ನಮ್ಮ ಮನೆಯಲ್ಲಿ ತಾತನ ಕಾಲದ ಜೋಡಿನಳಿಗೆ ಕೋವಿ ಇದೆ. ಕೈಲ್ ಮುಹೂರ್ತಕ್ಕೆ ಪೂಜೆಗೆ ಇಡುವಾಗ ನಳಿಗೆ ಸ್ವಲ್ಪ ಅಲ್ಲಾಡಿತು. ಅದರ ನಟ್ ಎಲ್ಲಿರುತ್ತದೆ?

ಉತ್ತರ:
ಅದಕ್ಕೆ ಬ್ಯಾರೆಲ್ ನಟ್ ಇರುವುದೇ ಇಲ್ಲ ಅಣ್ಣ. ನಳಿಗೆಯ ಕೆಳಗಿನ ಕೊಂಡಿ ಅಡ್ಡ ಪಿನ್ನಿಗೆ ಸಿಕ್ಕಿಕೊಂಡಿರುತ್ತದೆ, ಅದರ ಮೇಲೆ ನಳಿಗೆ ಮಡಚುತ್ತದೆ. ಅಲ್ಲಾಡುತ್ತಿದೆ ಅಂದರೆ ಆ ಜೋಡಣೆ ಸವೆದಿರಬಹುದು. ಆ ಸ್ಥಿತಿಯಲ್ಲಿ ತೋಟಾ ಹಾಕಿ ಹಾರಿಸಬೇಡಿ. ಕೊಡವರಿಗೆ ಮತ್ತು ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಲು ವಿನಾಯಿತಿ ಇದೆ, ನಿಜ. ಆದರೆ ರಿಪೇರಿಯ ಮಾತು ಬೇರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಅದನ್ನು ಮಾಡುವವರಿಗೆ ಲೈಸೆನ್ಸ್ ಬೇಕು. ಅಂಥ ಅಂಗಡಿಗೇ ಕೊಡಿ. ಮೇಲೆ ನಾನು ಹೇಳಿದ್ದನ್ನೆಲ್ಲ ಊರಲ್ಲಿ ಯಾರೂ ಪ್ರಯೋಗಕ್ಕೆ ಇಳಿಸಬೇಡಿ.

ಮೊದಲ ಓದುಗರು, ಎರಡು ದಿನದ ನಂತರ:
ಸರ್, ಗ್ರೀಸ್ ಹಚ್ಚಿ, ಎಲ್ ಆಕಾರದಲ್ಲಿ ಸಿಕ್ಕಿಸಿ, ಮೂರನೇ ಸಲ ಬಿಗಿದೆ. 46ಕ್ಕೆ ತೂತು ಕೂಡಿತು! ಪೆನ್ಸಿಲ್ ಗುರುತು ನಿಜವಾಗಿಯೂ ದಾಟಿ ಹೋಗಿತ್ತು. ಇನ್ನು ಹ್ಯಾಂಡ್‌ಗಾರ್ಡ್ ಹಾಕಲಾ?

ಉತ್ತರ:
ಶಭಾಷ್. ಹ್ಯಾಂಡ್‌ಗಾರ್ಡ್ ನಾಳೆ. ಮೊದಲು ಗ್ಯಾಸ್ ಟ್ಯೂಬ್ ತೂರಿಸಿ, ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿ. ಟ್ಯೂಬ್ ಸುತ್ತ ಸಮನಾದ ಜಾಗ ಇರಬೇಕು, ನಟ್‌ನ ಹಲ್ಲಿಗೆ ಎಲ್ಲೂ ತಾಗಬಾರದು. ಆಮೇಲೆ ಬೋಲ್ಟ್ (ತೋಟಾದ ಹಿಂದೆ ಬೀಗವಾಗಿ ಕೂರುವ ತುಂಡು) ತೆಗೆದು ಅದನ್ನು ಹೊರುವ ಕ್ಯಾರಿಯರನ್ನು ಮಾತ್ರ ಬೆರಳಲ್ಲಿ ನಿಧಾನ ಮುಂದಕ್ಕೆ ತಳ್ಳಿ. ಕ್ಯಾರಿಯರ್ ಮೇಲಿನ ಕೀ (ಕೊಳವೆಯಂಥ ತುಂಡು) ಟ್ಯೂಬಿನ ಮೇಲೆ ತಾನಾಗಿ ಜಾರಿಕೊಳ್ಳಬೇಕು. 'ಕರ್' ಅಂತ ಉಜ್ಜಿದ ಸದ್ದು ಬಂದರೆ ಟ್ಯೂಬ್ ಒಂದು ಕಡೆ ಎಳೆದಿದೆ ಅಂತ ಅರ್ಥ. ಅದೂ ಸರಿ ಇದ್ದರೆ ಗೋ, ನೋ-ಗೋ ಗೇಜ್ (ಅಳತೆ ತುಂಡುಗಳು) ಹಾಕಿ ಹೆಡ್‌ಸ್ಪೇಸ್, ಅಂದರೆ ಬೋಲ್ಟ್ ಮುಖಕ್ಕೂ ಬ್ಯಾರೆಲ್‌ನಲ್ಲಿ ತೋಟಾ ನಿಲ್ಲುವ ಜಾಗಕ್ಕೂ ನಡುವಿನ ಅಂತರ, ನೋಡಿಕೊಳ್ಳಿ. ಗೇಜ್ ಇಲ್ಲದಿದ್ದರೆ ಹತ್ತಿರದ ಗನ್‌ಸ್ಮಿತ್ ಹತ್ತಿರ ಹೋಗಿ, ಹತ್ತು ನಿಮಿಷದ ಕೆಲಸ.